ಮುಟ್ಟಿ ನೋಡಿದವರು

ಹಿಂದೂಪುರ
12–1–1988

ನರಸಕ್ಕನಿಗೆ ನಿನ್ನ ತಮ್ಮ ಓಬಳೇಶಪ್ಪ ಮಾಡೋ ನಮಸ್ಕಾರ. ಇಲ್ಲಿ ಎಲ್ರೂ ಚೆನ್ನಾಗಿದೀವಿ ಅಂತ ಮೊದಲ್ನೇ ಸಾಲು ಬರೆಯೋದು ವಾಡಿಕೆ. ಈ ಸಲ ಆ ಸಾಲು ಬಿಟ್ಬುಟ್ಟಿದೀನಿ.

ದೀಪಾವಳೀಗೆ ನೀನು ಬಂದಾಗ ನನ್ನ ಎಡಗೈ ಮೇಲೆ, ಮೊಣಕೈ ಕೆಳಗೆ, ಒಂದು ಮಾಸಲು ಚುಕ್ಕೆ ನೋಡಿ ಹುಳಕಡ್ಡಿ ಅಂದಿದ್ದೆ. ನಮ್ಮ ಬೀದಿ ಡಾಕ್ಟ್ರೂ ಅದೇ ಅಂದು ಎರಡು ತಿಂಗ್ಳು ಮುಲಾಮು ಹಚ್ಚಿಸ್ದ. ಹೋಗ್ಲಿಲ್ಲ. ಹೋದ ತಿಂಗ್ಳು ಒಂದಿನ ಶಿವಲಕ್ಷ್ಮಿ ದೋಸೆ ಹುಯ್ತಿದ್ಲು, ನಾನು ಒಲೆ ಪಕ್ಕ ಕೂತು ಮಾತಾಡ್ತಿದ್ದೆ. ಸೀದ ವಾಸನೆ ಬಂತು. ಏನು ಸೀದೋಯ್ತು ಅಂತ ನಾನೇ ಕೇಳ್ದೆ. ನೋಡಿದ್ರೆ ನನ್ನ ಕಿರುಬೆರಳು ಕಾದ ಹಂಚಿನ ಮೇಲಿತ್ತು. ನಂಗೆ ಗೊತ್ತೇ ಆಗಿರಲಿಲ್ಲ ಕಣಕ್ಕ.

ಭಾನುವಾರ ಭಾನುವಾರ ಹೊರಗಿನ ಊರಿಂದ ಒಬ್ಬ ಚರ್ಮದ ಸ್ಪೆಷಲಿಸ್ಟ್ ಬತ್ತಾನೆ ಅಂತ ಕೇಳಿ ಮೊನ್ನೆ ಹೋದೆ. ಬೆಳಿಗ್ಗೆ ಏಳಕ್ಕೆ ಚೀಟಿ ಬರೆಸಿದ್ರೆ ಒಂದು ಗಂಟೆಗೆ ಒಳಗೆ ಬಿಟ್ರು. ಒಳಗೆ ಒಂದೇ ಬೆಂಚಿನ ಮೇಲೆ ಮೂರು ಜನ. ಒಬ್ಬಳು ಹೆಣ್ಣುಮಗಳು ಸೆರಗು ಸರಿಸಿ ಬೆನ್ನು ತೋರಿಸ್ತಾ ಇದ್ಲು, ನಾನು ಗೋಡೆ ನೋಡ್ಕಂಡು ಕೂತೆ. ಡಾಕ್ಟ್ರು ತಲೆ ಎತ್ತಲಿಲ್ಲ. ತೋರ್ಸು ಅಂದ. ಕೈ ಚಾಚಿದ್ರೆ, ಪೆನ್ನಿನ ಹಿಂದಿನ ತುದೀಲಿ ನನ್ನ ಅಂಗಿ ತೋಳು ಮೇಲಕ್ಕೆ ಸರಿಸ್ದ. ಪೆನ್ನಲ್ಲೇ ಚುಕ್ಕೆ ಮುಟ್ದ. ಆಮೇಲೆ ಹತ್ತಿಗೆ ಸ್ಪಿರಿಟ್ ಹಾಕಿ ಪೆನ್ನು ಒರೆಸ್ಕಂಡ. ನನ್ನ ಎದುರಿಗೇ. ನಂಗೇನಾಗೈತೆ ಸಾರ್ ಅಂತ ಕೇಳಿದ್ದಕ್ಕೆ ಕಾಂಪೌಂಡರಿಗೆ ಇಂಗ್ಲೀಷಲ್ಲಿ ಎರಡು ಮಾತು ಹೇಳಿ, ನೆಕ್ಸ್ಟ್ ಅಂದ.

ಹೊರಗೆ ಔಷಧಿ ಕಿಟಕಿ. ಅಲ್ಲಿ ಮೂವತ್ತು ನಲವತ್ತು ಜನ. ಆ ಕಾಂಪೌಂಡರು ಮಾತ್ರೆ ಪೊಟ್ಟಣ ಕಿಟಕಿ ಕಟ್ಟೆ ಮೇಲೆ ಎಸೆದು, ಸಂತೇಲಿ ಕೂಗಿದಂಗೆ ಕೂಗ್ದ: "ಪೆದ್ದರೋಗಂ. ಬೆಂಚೀ ಮೀದ ಕೂರ್ಚೋವದ್ದು. ಇಂಟ್ಲೋ ಗ್ಲಾಸು ವೇರೇ ಪೆಟ್ಟುಕೋ." ದೊಡ್ಡ ರೋಗವಂತೆ, ಬೆಂಚಿನ ಮೇಲೆ ಕೂರಬಾರ್ದಂತೆ, ಮನೇಲಿ ಲೋಟ ಬೇರೆ ಇಡಬೇಕಂತೆ.

ಬೆಂಚಿನ ಮೇಲಿದ್ದೋರು ಎದ್ದುನಿಂತ್ರು. ಅವರಲ್ಲಿ ಸೋಮಂದೇಪಲ್ಲಿ ರೇಷ್ಮೆ ದಲ್ಲಾಳಿ ಒಬ್ಬನಿದ್ದ, ನಾನು ಸೀರೆ ನೇಯ್ದು ಕೊಡೋ ಸಾವ್ಕಾರನಿಗೆ ನೂಲು ಕೊಡೋನು, ನನ್ನ ಚೆನ್ನಾಗಿ ಬಲ್ಲ. ಅವನು ನನ್ನ ಮಖ ನೋಡ್ದ, ಆಮೇಲೆ ಕೈ ನೋಡ್ದ. ನಾನು ಮಾತ್ರೆ ಅಲ್ಲೇ ಬಿಟ್ಟು ಬಂದೆ.

ಹೇಸಿಗೆ ಆಗೈತೆ ಕಣಕ್ಕ. ಚುಕ್ಕೆ ಮೇಲಲ್ಲ. ಚುಕ್ಕೆ ಪಾಪ ಸುಮ್ನೆ ಕೂತೈತೆ.

ಉತ್ತರ ಬರೆಯೋದಾದ್ರೆ ಅಂಟಿಸಿದ ಕಾಗದದಲ್ಲೇ ಬರಿ. ನಮ್ಮ ಪೋಸ್ಟ್‌ಮ್ಯಾನು ಕಾರ್ಡು ಓದ್ಕಂಡೇ ಬೀದಿ ತಿರುಗ್ತಾನೆ.

ನಿನ್ನ ತಮ್ಮ
ಓಬಳೇಶ


ಕಲ್ಯಾಣದುರ್ಗ
25–1–1988

ಓಬಳೇಶನಿಗೆ ಅಕ್ಕನ ಆಶೀರ್ವಾದ.

ನಿನ್ನ ಕಾಗದ ನಿಮ್ಮ ಭಾವನಿಗೂ ಓದಿ ಹೇಳ್ದೆ. ಉಣ್ತಾ ಇದ್ದೋರು ಕೈ ನಿಲ್ಲಿಸ್ಬುಟ್ರು. ಆ ಡಾಕ್ಟ್ರಿಗೆ ಕೈಯಿಲ್ಲವಾ ಕಣ್ಲಾ? ಪೆನ್ನಲ್ಲಿ ಮುಟ್ಟೋಕೆ ನೀನೇನು ಸತ್ತ ಇಲೀನಾ? ಅವ್ರವ್ವ ಹೆತ್ತಾಗ ಅವನ್ನ ಇಕ್ಕಳದಲ್ಲಿ ಎತ್ಕಂಡಿದ್ಲೇನೋ.

ಇವರ ಜಾತೀನೇ ಹಂಗೆ. ನಮ್ಮತ್ತೆ ಹಂಪಮ್ಮನ ಕತೆ ನಿಂಗೆ ಗೊತ್ತಿಲ್ಲ. ಅವ್ರಿಗೆ ಗರ್ಭಕೋಶ ಜಾರಿತ್ತು. ನಡೆಯೋಕೂ ಆಗ್ತಿರಲಿಲ್ಲ. ನಾನೇ ಒಬ್ಬ ಡಾಕ್ಟ್ರ ಹತ್ರ ಕರ್ಕಂಡೋದೆ. ಬಾಗಿಲಾಗೆ ಹತ್ತು ಗಂಡಸ್ರು ನಿಂತಿದ್ರು. ಅವರ ತಲೆ ಮೇಲಿಂದ ಡಾಕ್ಟ್ರು, ಏನಮ್ಮಾ ಖಾಯಿಲೆ, ಬೇಗ ಹೇಳು ಅಂದ. ನಮ್ಮತ್ತೆ ಸುತ್ತ ನೋಡಿ ತಲೆನೋವು ಸ್ವಾಮಿ ಅಂದ್ರು. ಅವನೂ ಬರ್ಕಂಡ. ಸಾಯೋವರೆಗೂ ಆಯಮ್ಮ ತಲೆನೋವಿನ ಮಾತ್ರೆ ನುಂಗಿದ್ರು.

ಈಗ ಕೆಲ್ಸದ ಮಾತು. ಇಲ್ಲಿ ಸಂತೆಪೇಟೆ ಹಿಂದೆ ಒಂದು ಧರ್ಮಾಸ್ಪತ್ರೆ ಐತೆ. ಅದರ ಹಿಂದಿನ ಕೋಣೇಗೆ ಪ್ರತಿ ಗುರುವಾರ ಶ್ರೀರಾಮಪ್ಪ ಅಂತ ಒಬ್ರು ಬತ್ತಾರೆ. ದೊಡ್ಡ ಡಾಕ್ಟ್ರಲ್ಲ, ಈ ಚುಕ್ಕೆಗಳನ್ನೇ ನೋಡೋಕೆ ಟ್ರೈನಿಂಗ್ ಆಗಿರೋರಂತೆ. ಜನ ಚುಕ್ಕೆ ಸಾರು ಅಂತಾರೆ. ಬಾಗಿಲು ಹಾಕ್ಕಂಡು ಒಬ್ಬೊಬ್ಬರನ್ನೇ ನೋಡ್ತಾರಂತೆ. ಇಲ್ಲಿ ನಿನ್ನ ಗುರುತಿರೋರು ಯಾರೂ ಇಲ್ಲ. ಬಂದು ನಮ್ಮನೇಲಿ ಇರು. ಎಷ್ಟು ದಿನ ಆದ್ರೂ ಇರು. ಅಕ್ಕನ ಮನೆ ಇರೋದು ಯಾತಕ್ಕೆ?

ನಿನ್ನ ಅಕ್ಕ
ನರಸಕ್ಕ


ಹಿಂದೂಪುರ
14–2–1988

ಅಕ್ಕನಿಗೆ ನಮಸ್ಕಾರ.

ನಾನು ಬರಲ್ಲ. ಇನ್ನೊಂದು ಕಿಟಕಿ ಮುಂದೆ ನಿಲ್ಲೋ ಶಕ್ತಿ ನಂಗಿಲ್ಲ.

ದಲ್ಲಾಳಿ ಬಾಯಿ ಸುಮ್ನಿರಲಿಲ್ಲ. ಸಾವ್ಕಾರ ಈಗ ಹಾಸು ನೂಲು ತಗೊಳ್ಳೋಕೆ ನನ್ನ ಬರಬೇಡ ಅಂತಾನೆ, ಶಿವಲಕ್ಷ್ಮಿನ ಕಳ್ಸು ಅಂತಾನೆ. ನೇಯ್ದ ಸೀರೆ ಮಾತ್ರ ಬೇಕು. ನನ್ನ ಕೈ ಬೇಡ, ನನ್ನ ಕೈಕೆಲ್ಸ ಬೇಕು. ಕಟ್ಕಂಡ ಹೆಂಡ್ತಿ ಅವಳು, ಒಂದು ಮಾತೂ ಕೇಳಿಲ್ಲ. ಕೇಳದೇನೇ ನನ್ನ ತಟ್ಟೇಲಿ ಉಣ್ತಾಳೆ, ಬೇಕಂತಲೇ. ಅದನ್ನ ನೋಡೋಕೂ ಆಗಲ್ಲ.

ಇನ್ನೊಂದು ವಿಷ್ಯ ಹೇಳ್ತೀನಿ, ಬಯ್ಯಬೇಡ. ಪರಿಗಿ ಕಡೆ ಒಬ್ಬ ನಾಟಿ ಔಷಧಿಯೋನ ಹತ್ರ ಹೋಗಿದ್ದೆ. ಬೇವಿನ ಮರದ ಕೆಳಗೆ ಚಾಪೆ ಹಾಕಿ ಕೂರ್ಸಿದ. ಮಜ್ಜಿಗೆ ಕೊಡಿಸ್ದ. ನನ್ನ ಕೈನ ತನ್ನ ತೊಡೆ ಮೇಲೆ ಇಟ್ಕಂಡು, ಯಾವೂರು, ಯಾರ ಮಗ, ಅವ್ವ ಹೆಂಗೆ ಸತ್ಲು, ಮಗ್ಗ ಎಷ್ಟು ವರ್ಷದಿಂದ, ಎಲ್ಲಾ ಕೇಳ್ದ. ಒಂದು ಗಂಟೆ ಹೊತ್ತು ಅಕ್ಕ. ಅಷ್ಟೂ ಹೊತ್ತು ಕೈ ಬಿಡಲಿಲ್ಲ. ಆಮೇಲೆ ಯಾವ್ದೋ ಬೀಜ ಸುಟ್ಟು ಅದರ ಎಣ್ಣೆ ಚುಕ್ಕೆ ಮೇಲೆ ಇಟ್ಟ. ಚರ್ಮ ಬೆಂದು ಗುಳ್ಳೆ ಎದ್ದು ಈಗ ಕೀವು ಸುರೀತೈತೆ. ನೋವಿಲ್ಲ, ಅದೇ ಕಷ್ಟ.

ಸುಡ್ತಾನೆ ಅಂತ ಗೊತ್ತಿತ್ತು. ಅವನು ಕೈ ಹಿಡ್ಕಂಡ, ಅದಕ್ಕೇ ಕೈ ಕೊಟ್ಟೆ. ಓದಿದೋನು ಮುಟ್ಟಲ್ಲ, ಮುಟ್ಟೋನಿಗೆ ವಿದ್ಯೆಯಿಲ್ಲ. ನಮ್ಮಂಥೋರು ಎಲ್ಲಿಗೆ ಹೋಗಬೇಕು?

ಓಬಳೇಶ


ಕಲ್ಯಾಣದುರ್ಗ
22–2–1988

ಓಬಳೇಶ,

ಮಾರ್ಚಿ ಮೂರನೇ ತಾರೀಖು ಗುರುವಾರ. ಬುಧವಾರ ಸಾಯಂಕಾಲದ ಪಾವಗಡದ ಬಸ್ಸಿಗೆ ನಿಮ್ಮ ಭಾವ ಕಾದಿರ್ತಾರೆ. ನೀನು ಇಳೀದಿದ್ರೆ ಶುಕ್ರವಾರ ನಾನೇ ಬಂದು ನಿನ್ನ ಮಗ್ಗದ ಗುಂಡೀಲಿ ಕೂತ್ಕಂತೀನಿ. ಕೀವು ತೊಳೆಯೋಕೆ ಬಿಸಿನೀರಿಗೆ ಉಪ್ಪು ಹಾಕು. ಬಿಸಿ ಎಷ್ಟೈತೆ ಅಂತ ಶಿವಲಕ್ಷ್ಮಿ ಮೊದ್ಲು ನೋಡ್ಲಿ, ನೀನಲ್ಲ.

ನರಸಕ್ಕ


ಹಿಂದೂಪುರ
9–3–1988

ಅಕ್ಕನಿಗೂ ಭಾವನಿಗೂ ನಮಸ್ಕಾರ.

ಶುಕ್ರವಾರ ಸುಖವಾಗಿ ಊರು ಸೇರ್ದೆ. ಶ್ರೀರಾಮಪ್ಪನವ್ರು ಏನಂದ್ರು ಅಂತ ಅವತ್ತು ನಿಮ್ಮನೇಲಿ ಸರಿಯಾಗಿ ಹೇಳೋಕಾಗಲಿಲ್ಲ. ಈಗ ಬರೀತೀನಿ.

ಆ ಕೋಣೆ ಅಂಥಾದ್ದೇನಲ್ಲ. ಮೂಲೇಲಿ ಮುರಿದ ಮಂಚಗಳು, ಒಂದು ಮೇಜು, ಎರಡು ಕುರ್ಚಿ. ಎರಡೂ ಒಂದೇ ಥರದ ಕುರ್ಚಿ. ನಾನು ಒಳಗೆ ಹೋದಮೇಲೆ ಅವ್ರೇ ಎದ್ದು ಬಾಗಿಲು ಹಾಕಿದ್ರು. ಕೂತ್ಕಳಪ್ಪ ಅಂದ್ರು. ನಿಂತೇ ಇದ್ದೆ. ಇನ್ನೊಂದು ಸಲ ಹೇಳಿದ್ರು.

ಅಂಗಿ ಬಿಚ್ಚಿಸಿ ಕಿಟಕಿ ಬೆಳಕಿಗೆ ತಿರುಗ್ಸಿ ಬೆನ್ನು, ಎದೆ, ಕಿವಿ ಎಲ್ಲಾ ನೋಡಿದ್ರು. ಪರಿಗಿಯೋನು ಮಾಡಿದ ಹುಣ್ಣು ನೋಡಿ ಹಲ್ಲು ಕಚ್ಚಿದ್ರು, ಆದ್ರೆ ನನ್ನ ಬಯ್ಯಲಿಲ್ಲ. ಕಣ್ಣು ಮುಚ್ಚಿಸಿ, ಹತ್ತೀನ ಬತ್ತಿಯಂಗೆ ಹೊಸೆದು ಕೈ ಮೇಲೆ ಅಲ್ಲಲ್ಲಿ ಸೋಕಿಸಿ, ಎಲ್ಲಿ ಮುಟ್ಟಿದೆ, ತೋರ್ಸು ಅಂದ್ರು. ಕೆಲವು ಸಲ ಸುಮ್ನೆ ಕೂತಿದ್ದೆ, ಅವ್ರು ಇನ್ನೂ ಶುರು ಮಾಡಿಲ್ಲ ಅಂತ. ಅವಾಗೆಲ್ಲ ಮುಟ್ತಾನೇ ಇದ್ರಂತೆ. ಆಮೇಲೆ ನನ್ನ ಮೊಣಕೈನ ಅಂಗೈಲಿ ಇಟ್ಕಂಡು ಹಿಂದುಗಡೆ ಬೆರಳಾಡಿಸಿ ಒಂದು ನರ ಹಿಡಿದ್ರು. ನನ್ನ ಬಲಗೈ ಬೆರಳನ್ನೂ ಅಲ್ಲಿಗೆ ತಂದಿಟ್ಟು, ನೋಡು, ದಪ್ಪ ಆಗೈತೆ, ನೇಯೋ ಬೆರಳಿಗೆ ಗೊತ್ತಾಗಬೇಕು ಅಂದ್ರು. ಗೊತ್ತಾಯ್ತು. ರೇಷ್ಮೆ ಎಳೆ ಇರಬೇಕಾದ ಜಾಗದಲ್ಲಿ ಸೆಣಬಿನ ಹುರಿ.

ಹೆಸ್ರು ಹೇಳಿದ್ರು. ಒಂದೇ ಸಲ, ಮೆಲ್ಲಗೆ, ನನ್ನ ಮಖ ನೋಡ್ಕಂಡು ಹೇಳಿದ್ರು. "ಇದು ಕುಷ್ಠ. ನಿಂಗೆ ಬಂದಿರೋದು ಕಡಿಮೆ. ಆರು ತಿಂಗಳ ಮಾತ್ರೆಗೆ ಹೋಗುತ್ತೆ. ಮಾತ್ರೆ ಶುರು ಆದ್ಮೇಲೆ ನಿನ್ನಿಂದ ಯಾರಿಗೂ ಬರಲ್ಲ." ಆ ಮಾತು ಬರೆಯೋಕೆ ನಂಗೆ ಆರು ದಿನ ಬೇಕಾಯ್ತು ನೋಡು.

ತಿಂಗಳ ಮೊದಲ್ನೇ ಗುರುವಾರ ಬಂದು ಅವರ ಎದುರಿಗೇ ಒಂದು ಡೋಸು ನುಂಗಬೇಕು. ಮಿಕ್ಕಿದ್ದು ಮನೇಲಿ ದಿನಾ. ನುಂಗಿಸೋಕೆ ಮುಂಚೆ ಹೇಳಿದ್ರು, ಇವತ್ತು ಉಚ್ಚೆ ಕೆಂಪಗೆ ಹೋಗುತ್ತೆ, ಅದು ರಕ್ತ ಅಲ್ಲ, ಮಾತ್ರೆ ಬಣ್ಣ, ಹೆದರಬೇಡ ಅಂತ. ಅದನ್ನ ಹೇಳಿರದಿದ್ರೆ ಆ ಸಾಯಂಕಾಲ ನಿಮ್ಮ ಹಿತ್ತಲಲ್ಲೇ ನನ್ನ ಪ್ರಾಣ ಹೋಗಿರೋದು. ಕೊನೇಗೆ ಕೇಳಿದ್ರು, ಇನ್ನೇನಾದ್ರೂ ಕೇಳೋದೈತಾ ಅಂತ. ಯಾವ ಡಾಕ್ಟ್ರ ಹತ್ರಾನೂ ಆ ಮಾತು ಕೇಳಿರಲಿಲ್ಲ. ಮಗ್ಗ ಅಂದೆ. ನೇಯಿ, ಆದ್ರೆ ಬಿಸಿ ಪಾತ್ರೆ ಬಲಗೈಲಿ ಮುಟ್ಟಿ ನೋಡು ಅಂದ್ರು.

ನಿಮ್ಮನೆ ಊಟ ಚೆನ್ನಾಗಿತ್ತು. ಮುಂದಿನ ತಿಂಗ್ಳಿಂದ ನಾನು ಹೋಟ್ಲಲ್ಲೇ ಉಂಡ್ಕಂತೀನಿ, ಬಸ್‌ಸ್ಟ್ಯಾಂಡಿನ ಹತ್ರ ಎಲ್ಲಾದ್ರೂ ಮಲಗ್ತೀನಿ. ಭಾವನಿಗೆ ಬಸ್ಸಿನ ಹತ್ರ ಬರೋ ಶ್ರಮ ಬೇಡ.

ಓಬಳೇಶ


ಕಲ್ಯಾಣದುರ್ಗ
20–4–1988

ಓಬಳೇಶನಿಗೆ ಆಶೀರ್ವಾದ.

ಏಪ್ರಿಲ್ ಏಳಕ್ಕೆ ನೀನು ಬಂದು ಹೋದೆ ಅಂತ ತರಕಾರಿಯೋಳು ಹೇಳಿದ್ಲು. ಧರ್ಮಾಸ್ಪತ್ರೆ ಕಟ್ಟೆ ಮೇಲೆ ನಿನ್ನಂಗೇ ಒಬ್ಬ ಕೂತಿದ್ದ ಅಂದ್ಲು. ಅವನಲ್ಲ ಬುಡು ಅಂದೆ. ಅಕ್ಕನ ಊರಿಗೆ ಬಂದು ಅಕ್ಕನ ಮನೆ ಬಾಗಿಲು ನೋಡದೆ ಹೋಗೋದು ನಮ್ಮ ವಂಶದಲ್ಲಿ ಯಾರೂ ಮಾಡಿಲ್ಲ.

ಮಾರ್ಚಿಯಲ್ಲಿ ಬಂದಾಗ ಊಟಕ್ಕೆ ಎಲೆ ಹಾಕಿದ್ದಕ್ಕೆ ಬೇಜಾರು ಮಾಡ್ಕಂಡ್ಯಾ? ಎಲೆ ಊಟ ಅಂದ್ರೆ ಮರ್ಯಾದೆ ಅಲ್ವಾ. ತಮ್ಮ ಬಂದಾನೆ ಅಂತ ಎಲೆ ಹಾಕ್ದೆ. ನಿಮ್ಮ ಭಾವ ತಟ್ಟೇಲಿ ಉಂಡ್ರು, ಅವ್ರು ಮನೇಯೋರು ತಾನೇ. ಹಜಾರದ ಕೊನೇಲಿ ಚಾಪೆ ಹಾಕಿದ್ದು ಗಾಳಿ ಬರ್ಲಿ ಅಂತ.

ಇಲ್ಲಿ ಬಿಸಿಲು ಜಾಸ್ತಿ. ನಿಮ್ಮ ಭಾವನಿಗೆ ಭೇದಿ ಆಗಿ ಡಾಕ್ಟ್ರ ಹತ್ರ ಹೋದ್ರೆ ನಾಡಿ ಸೈತ ನೋಡದೆ ಚೀಟಿ ಬರೆದ. ಇವರಿಗೆ ಮನುಷ್ಯರನ್ನ ಕಂಡ್ರೆ ಯಾಕೋ ಇಷ್ಟು ಅಸಹ್ಯ.

ಮೇ ತಿಂಗಳು ಮನೇಗೆ ಬಾ.

ನರಸಕ್ಕ


ಹಿಂದೂಪುರ
9–5–1988

ಅಕ್ಕನಿಗೆ,

ಎಲೆ ವಿಷ್ಯ ನಾನು ಎತ್ತಿರಲಿಲ್ಲ. ನೀನೇ ಎತ್ತಿದೀಯ, ಆದ್ರಿಂದ ಹೇಳ್ಬುಡ್ತೀನಿ.

ಅವತ್ತು ಊಟ ಆದ್ಮೇಲೆ ಹಿತ್ತಲಿಗೆ ಹೋಗಿದ್ದೆ. ಬಚ್ಚಲ ಪಕ್ಕದ ತಡಿಕೆ ಹಿಂದೆ ನಿಂತಿದ್ದೆ, ನೀನು ನೋಡಲಿಲ್ಲ. ನನ್ನ ಎಲೇನ ನೀನು ಕಡ್ಡೀಲಿ ಮಡಚಿ ತಿಪ್ಪೆಗೆ ತಳ್ಳಿದೆ. ನಾನು ನೀರು ಕುಡ್ದ ಲೋಟಾನ ಇಕ್ಕಳದಲ್ಲಿ ಎತ್ಕಂಡು ಬಂದು ಒಲೆ ಕೆಂಡದಾಗೆ ಇಟ್ಟೆ. ಆಮೇಲೆ ಬೂದೀಲಿ ನಿನ್ನ ಕೈ ತಿಕ್ಕಿದೆ, ಒಂದ್ಸಲ ಅಲ್ಲ, ಮೂರು ಸಲ. ಲೋಟ ಮುಟ್ಟೇ ಇರಲಿಲ್ಲವಲ್ಲ ಅಕ್ಕ ನೀನು.

ಆ ಡಾಕ್ಟ್ರು ಪೆನ್ನಲ್ಲಿ ಮುಟ್ದ. ನೀನು ಇಕ್ಕಳದಲ್ಲಿ.

ಆ ಡಾಕ್ಟ್ರಿಗೆ ನಾನ್ಯಾರು? ಅವನ ಮೇಲೆ ಹೇಸಿಗೆ ಪಟ್ಕಂಡು ಬದುಕಬೌದು. ನಿನ್ನ ಸೊಂಟದ ಮೇಲೆ ಬೆಳೆದೋನು ನಾನು. ಹೆದರ್ಕಂಡಿದ್ದೆ ಅಂದಿದ್ರೆ ತಪ್ಪು ತಿಳೀತಿರಲಿಲ್ಲ, ನಾನೂ ನನ್ನ ಕೈ ಕಂಡ್ರೆ ಹೆದರ್ತೀನಿ. ಆದ್ರೆ ನೀನು ಬಾ ಬಾ ಅಂತ ಕಾಗದ ಬರೆದು ಕರೆಸಿ, ಊರ ಡಾಕ್ಟ್ರುಗಳನ್ನೆಲ್ಲ ಬಯ್ದು, ಆಮೇಲೆ ಇಕ್ಕಳ ಹುಡುಕಿದೆ. ಈಗ ಗಾಳಿ ಬರ್ಲಿ ಅಂತ ಚಾಪೆ ಹಾಕ್ದೆ ಅಂತೀಯ.

ಗುರುವಾರದ ದಿನ ನಾವು ಹತ್ತು ಹನ್ನೆರಡು ಜನ ಆಸ್ಪತ್ರೆ ಕಟ್ಟೆ ಮೇಲೆ ಕೂತಿರ್ತೀವಿ. ಬ್ರಹ್ಮಸಮುದ್ರದ ಕಡೆ ಎರ್ರಮ್ಮ ಅಂತ ಒಬ್ಬ ಮುದುಕಿ ಬತ್ತಾಳೆ. ಎರಡೂ ಕೈ ಬೆರಳು ಅರ್ಧರ್ಧ ಇಲ್ಲ, ಕಾಲಾಗೆ ಹುಣ್ಣು. ಆ ಮೊಂಡು ಬೆರಳಲ್ಲೇ ಎಲೆ ಅಡಿಕೆ ಮಡಚಿ ನಂಗೆ ಕೊಡ್ತಾಳೆ. ಮೊದಲ್ನೇ ಸಲ ಕೊಟ್ಟಾಗ ನನ್ನ ಕೈ ಹಿಂದಕ್ಕೆ ಹೋಯ್ತು. ಹೌದು, ನನ್ನ ಕೈಯೇ. ಆಮೇಲೆ ಇಸ್ಕಂಡು ಬಾಯಿಗೆ ಹಾಕ್ಕಂಡೆ.

ಕಾಗದ ಬರೀಬೇಡ.

ಓಬಳೇಶಪ್ಪ


ಕಲ್ಯಾಣದುರ್ಗ
16–7–1988

ಓಬಳೇಶ,

ಬರೀಬೇಡ ಅಂದಿದ್ದೆ. ಎರಡು ತಿಂಗ್ಳು ಬರೀಲಿಲ್ಲ. ಇದನ್ನ ಓದದೇ ಹರಿದ್ರೂ ಸರಿ.

ನೀನು ಬರೆದಿದ್ದೆಲ್ಲ ನಿಜ. ಆ ಲೋಟ ಕಪ್ಪಗಾಗಿ ತಿರುಗಿ ಉಪಯೋಗಕ್ಕೆ ಬರಲಿಲ್ಲ. ನಿಮ್ಮ ಭಾವ ಕೇಳಿದ್ರೆ ಬಾವೀಲಿ ಬಿದ್ದೋಯ್ತು ಅಂದೆ.

ಮೊನ್ನೆ ಗುರುವಾರ ಆ ಶ್ರೀರಾಮಪ್ಪನವರ ಹತ್ರ ಹೋದೆ. ನೀನು ಬರೋ ವಾರ ಅಲ್ಲ ಅಂತ ನೋಡ್ಕಂಡೇ ಹೋದೆ. ಸೆರಗು ಮಖದ ಮೇಲೆ ಎಳ್ಕಂಡು ಕಟ್ಟೆ ಕೊನೇಲಿ, ಯಾರಿಗೂ ತಗಲದಂಗೆ ಕೂತಿದ್ದೆ. ಒಳಗೆ ಹೋಗಿ, ಹಿಂದೂಪುರದ ಓಬಳೇಶಪ್ಪನ ಅಕ್ಕ ನಾನು, ಅವನಿಗೆ ಹೆಂಗೈತೆ ಅಂತ ಕೇಳ್ದೆ. ಅವ್ರು ಸಾವಧಾನವಾಗಿ ಹೇಳಿದ್ರು, "ಅಮ್ಮಾ, ಇಲ್ಲಿಗೆ ಯಾರು ಬತ್ತಾರೆ, ಯಾರಿಗೆ ಹೆಂಗೈತೆ, ನಾನು ಯಾರಿಗೂ ಹೇಳಲ್ಲ. ನಿಮ್ಮ ವಿಷ್ಯ ಏನಾದ್ರೂ ಇದ್ರೆ ಹೇಳಿ." ನಂಗೆ ಸಿಟ್ಟು ಬಂತು. ಒಡಹುಟ್ಟಿದೋಳಿಗೂ ಹೇಳಲ್ವಾ ಅಂದೆ. ಇಲ್ಲ ಅಂದ್ರು.

ಆಮೇಲೆ ಯಾಕೋ ಕೂತುಬುಟ್ಟೆ. ಬಾಗಿಲು ಹಾಕಿತ್ತು. ಇಕ್ಕಳದ ವಿಷ್ಯ ನಾನೇ ಹೇಳ್ದೆ. ನಿನ್ನ ಹೆಸ್ರು ಹೇಳದೆ, ನಮ್ಮನೇಗೆ ಒಬ್ರು ಬಂದಿದ್ರು ಅಂತ. ಅವ್ರು ನಗಲಿಲ್ಲ, ಬುದ್ಧಿ ಹೇಳಲಿಲ್ಲ. ನಿಮ್ಮ ಮೈನೂ ನೋಡ್ಲಾ ಅಂದ್ರು. ಆಸ್ಪತ್ರೆ ಆಯಾನ ಕರೆದು ಜತೇಲಿ ನಿಲ್ಲಿಸ್ಕಂಡು ಕೈ, ಬೆನ್ನು ನೋಡಿದ್ರು. ಐವತ್ತು ವರ್ಷ ಆಯ್ತು ನಂಗೆ, ಒಬ್ಬ ಡಾಕ್ಟ್ರು ನನ್ನ ಇಷ್ಟು ಹೊತ್ತು ನೋಡಿದ್ದಿಲ್ಲ. ಏನೂ ಇಲ್ಲ ಅಂದ್ರು. ಇದು ಹೆಂಗೆ ಬರುತ್ತೆ, ಹೆಂಗೆ ಬರಲ್ಲ, ಎಲ್ಲಾ ಬಿಡಿಸಿ ಹೇಳಿದ್ರು. ಲೋಟದಿಂದ ಬರಲ್ವಂತೆ.

ತಪ್ಪಾಯ್ತು ಅಂತ ಬರೆದ್ರೆ ನೀನು ನಂಬ್ತೀಯೋ ಇಲ್ವೋ. ಇನ್ನೊಂದು ಸುಳ್ಳು ಹೇಳಲ್ಲ ಕಣ್ಲಾ. ಬುದ್ಧಿಗೆ ಗೊತ್ತಾಗೈತೆ, ಕೈಗೆ ಇನ್ನೂ ಗೊತ್ತಾಗಿಲ್ಲ. ನಾಳೆ ನೀನು ಬಂದು ನನ್ನ ಲೋಟದಾಗೆ ನೀರು ಕುಡಿದ್ರೆ ನನ್ನ ಕೈ ಏನು ಮಾಡ್ತೈತೋ ನಂಗೇ ಗೊತ್ತಿಲ್ಲ. ಆ ಡಾಕ್ಟ್ರ ಮೇಲೆ ಉಗಿದಿದ್ದೆಲ್ಲ ಈಗ ನನ್ನ ಮಖದ ಮೇಲೇ ಐತೆ.

ನರಸಕ್ಕ


ಹಿಂದೂಪುರ
12–8–1988

ಅಕ್ಕನಿಗೆ,

ಕಾಗದ ಹರೀಲಿಲ್ಲ.

ಆಗಸ್ಟ್ ನಾಲ್ಕಕ್ಕೆ ಆರನೇ ಡೋಸು ಮುಗೀತು. ಚುಕ್ಕೆ ಮಾಸೈತೆ. ಎರಡು ಬೆರಳಿಗೆ ಸ್ಪರ್ಶ ಬಂದಿಲ್ಲ. ಬತ್ತೈತಾ ಅಂತ ಕೇಳ್ದೆ. ಬರದೇ ಇರಬೌದು, ನಿಂಗೆ ಸುಳ್ಳು ಹೇಳಲ್ಲ ಅಂದ್ರು. ಮಗ್ಗದ ಹಾಸಿನಲ್ಲಿ ಕಿತ್ತ ಎಳೆ ಕಟ್ಟೋಕೆ ಈಗ ಮೂರು ಬೆರಳು ಪಳಗಿಸ್ಕಂಡಿದೀನಿ. ಹೊತ್ತು ಹಿಡೀತೈತೆ. ಹಳೇ ಸಾವ್ಕಾರನ್ನ ಬಿಟ್ಟೆ, ಬೇರೆಯೋನು ಕೆಲ್ಸ ಕೊಟ್ಟವ್ನೆ.

ಶಿವಲಕ್ಷ್ಮಿನೂ ಕರ್ಕಂಡೋಗಿ ತೋರಿಸ್ದೆ. ಅವಳಿಗೇನೂ ಇಲ್ಲ. ನಿಮ್ಮ ಬೀದಿ ಮುಂದೆಯೇ ಬಸ್‌ಸ್ಟ್ಯಾಂಡಿಗೆ ನಡೆದ್ವಿ. ಅವಳು ಹೋಗಿ ಬರೋಣ ಅಂದ್ಲು. ನಾನು ಬೇಡ ಅಂದೆ.

ಶ್ರೀರಾಮಪ್ಪನವರಿಗೆ ವರ್ಗ ಆಗೈತೆ. ಅವತ್ತೇ ಕೊನೇ ದಿನ. ಕಟ್ಟೆ ಮೇಲೆ ಎರ್ರಮ್ಮ ಕೇಳಿದ್ಲು, ಬರೋನು ಬಾಗಿಲು ಹಾಕ್ತಾನಾ ಅಂತ.

ನಿನ್ನ ಮೇಲೆ ಸಿಟ್ಟು ಕಮ್ಮಿ ಆಗೈತೆ. ಹೋಗಿಲ್ಲ. ನೀನು ನಿಜ ಬರೆದಿದ್ದಕ್ಕೆ ನಾನೂ ನಿಜ ಬರೀತಿದೀನಿ.

ಓಬಳೇಶ


ಕಲ್ಯಾಣದುರ್ಗ
3–9–1988

ಓಬಳೇಶನಿಗೆ,

ಮೊನ್ನೆ ಮೊದಲ್ನೇ ಗುರುವಾರ. ನಿನ್ನ ಡೋಸು ಮುಗಿದೈತೆ, ನೀನು ಬರಲ್ಲ ಅಂತ ಗೊತ್ತಿತ್ತು. ಆದ್ರೂ ಧರ್ಮಾಸ್ಪತ್ರೆ ಕಡೆ ಹೋದೆ.

ಹೊಸಬ ಬಾಗಿಲು ಹಾಕಲ್ಲ. ಒಳಗೂ ಕರೆಯಲ್ಲ. ಕಿಟಕೀಲಿ ಕೂತು ರಿಜಿಸ್ಟರ್ ನೋಡಿ ಹೆಸ್ರು, ಊರು, ಖಾಯಿಲೆ ಕೂಗ್ತಾನೆ. ಹೋದೋರ ಕಡೆ ಮಾತ್ರೆ ಎಸೀತಾನೆ. ಸಂತೆಗೆ ಹೋಗೋ ಜನ ನಿಂತು ನೋಡ್ತಿದ್ರು. ಎರ್ರಮ್ಮ ಹೋದಾಗ ಅವಳ ಕಾಲಿನ ಬಟ್ಟೆ ಬಿಚ್ಚೋಗಿತ್ತು, ನೊಣ ಮುತ್ತಿತ್ತು. ಕಟ್ಟು ಹಾಕಯ್ಯ ಅಂತ ಕೇಳಿದ್ಲು. ಅದು ನನ್ನ ಕೆಲ್ಸ ಅಲ್ಲ, ದೂರ ನಿಲ್ಲು ಅಂದ.

ನಾನು ಕಿಟಕಿ ಹತ್ರ ಹೋಗಿ, ಒಬ್ಬೊಬ್ಬರನ್ನೇ ಒಳಗೆ ಕರೆದು ಬಾಗಿಲು ಹಾಕ್ಕಂಡು ನೋಡು ಅಂದೆ. ಮೊದ್ಲಿದ್ದೋರು ಹಂಗೇ ನೋಡ್ತಿದ್ರು ಅಂದೆ. "ಎವರಮ್ಮಾ ನುವ್ವು?" ಅಂದ, ಯಾರಮ್ಮ ನೀನು ಅಂತ. ನಮ್ಮ ಬೀದಿ ತರಕಾರಿಯೋಳು ಚೌಡಕ್ಕ ತಕ್ಕಡಿ ಹಿಡ್ಕಂಡು ಅಲ್ಲೇ ನಿಂತಿದ್ಲು. ಓಬಳೇಶಪ್ಪನ ಅಕ್ಕ ಅಂತ ಬಾಯಿಗೆ ಬಂತು. ನಿನ್ನ ಹೆಸ್ರು ಅಲ್ಲಿ ಹೇಳೋ ಹಕ್ಕು ನಂಗಿಲ್ಲ ಅನ್ನಿಸ್ತು.

"ನಾನೂ ಪೇಷಂಟು" ಅಂದೆ.

ಚೀಟಿ ತೋರ್ಸು ಅಂದ. ಚೀಟಿಯಿಲ್ಲ, ಬರಿ ಅಂದೆ. ಬರ್ಕಂಡ. ನನ್ನ ಹೆಸ್ರು, ಬೀದಿ, ಎಲ್ಲಾ ಗಟ್ಟಿಯಾಗಿ ಕೂಗಿ ಬರ್ಕಂಡ. ಎದ್ದು ಬಾಗಿಲು ಮಾತ್ರ ಹಾಕಲಿಲ್ಲ.

ಎರ್ರಮ್ಮನ್ನ ಕಟ್ಟೆ ಮೇಲೆ ಕೂರ್ಸಿ, ನಲ್ಲಿ ನೀರು ತಂದು ಕಾಲು ತೊಳೆದೆ. ಕಡ್ಡಿಯಿಲ್ಲ, ಏನಿಲ್ಲ, ಕೈಯಲ್ಲೇ. ನನ್ನ ಸೆರಗಿನ ಅಂಚು ಹರಿದು ಕಟ್ಟಿದೆ. ಎಷ್ಟು ವಾಸನೆ ಅಂತ ನಿಂಗೆ ಗೊತ್ತು. ಆಯಮ್ಮ ತನ್ನ ಕಾಲು ನೋಡಲಿಲ್ಲ, ಅಷ್ಟು ಹೊತ್ತೂ ನನ್ನ ಮಖಾನೇ ನೋಡ್ತಿದ್ಲು, ಮಖ ಹೆಂಗಾಗ್ತೈತೆ ಅಂತ. ನಾನು ಬಿಗಿ ಹಿಡ್ಕಂಡಿದ್ದೆ. ಮುಗಿದ್ಮೇಲೆ ಆಸ್ಪತ್ರೆ ಹಿಂದಿನ ಗೋಡೆ ಹತ್ರ ಹೋಗಿ ಕರುಳು ಬಾಯಿಗೆ ಬರೋಂಗೆ ವಾಂತಿ ಮಾಡ್ದೆ. ತಿರುಗಿ ಬಂದ್ರೆ ಎರ್ರಮ್ಮ ನಕ್ಕಂಡು, "ಇರ್ಲಿ ಬುಡು ತಾಯಿ, ನಂಗೂ ಮೊದ್ಮೊದ್ಲು ಹಂಗೇ ಆಗ್ತಿತ್ತು" ಅಂದ್ಲು.

ನಿನ್ನೆಯಿಂದ ಚೌಡಕ್ಕ ನಮ್ಮನೆ ಮಜ್ಜಿಗೆ ತಗೊಳ್ಳಲ್ಲ. ನಿಮ್ಮ ಭಾವ ಯಾಕೆ ಅಂತ ಕೇಳಿದ್ರು. ಎಲ್ಲಾ ಹೇಳ್ದೆ, ಬಾವಿ ಸುಳ್ಳಿನಿಂದ ಹಿಡಿದು.

ನಿನ್ನನ್ನ ಮನೇಗೆ ಬಾ ಅಂತ ಕರೆಯಲ್ಲ. ಆ ಕಟ್ಟು ವಾರಕ್ಕೊಂದ್ಸಲ ಬದಲಾಯಿಸಬೇಕಂತೆ. ಬರೋ ಗುರುವಾರಾನೂ ಬತ್ತೀನಿ ಅಂತ ಆಯಮ್ಮನಿಗೆ ಹೇಳೀನಿ. ಹಳೇ ಸೀರೆ ಹರಿದು ಪಟ್ಟಿ ಮಾಡಿ ಇಟ್ಕಂಡಿದೀನಿ.

ನಿನ್ನ ಅಕ್ಕ
ನರಸಕ್ಕ